ಶಾಲಾ ಭೌತಶಾಸ್ತ್ರದ ಪರೀಕ್ಷಾ ಪ್ರಶ್ನೆಗಳು

ಪ್ರೌಢಶಾಲೆ ಮತ್ತು ಪಿಯುಸಿ ಹಂತದ ಭೌತಶಾಸ್ತ್ರದ ಪ್ರಶ್ನೆಪತ್ರಿಕೆ ಕಳೆದ ನೂರು ವರ್ಷಗಳಲ್ಲಿ ಹಲವು ಸಲ ರೂಪ ಬದಲಿಸಿದೆ. ಪಾಠದ ತಿರುಳು ಅಷ್ಟಾಗಿ ಬದಲಾಗಿಲ್ಲ. ಓಮ್‌ನ ನಿಯಮ, ಬೆಳಕಿನ ವಕ್ರೀಭವನ, ಮಸೂರದ ಸೂತ್ರ ಇವನ್ನು ಅಜ್ಜನೂ ಓದಿದ್ದ, ಮೊಮ್ಮಗಳೂ ಓದುತ್ತಾಳೆ. ಬದಲಾದದ್ದು ಅದನ್ನು ಕೇಳುವ ರೀತಿ. ಒಂದು ಕಾಲದಲ್ಲಿ ಎರಡು ಪುಟ ಬರೆಸುತ್ತಿದ್ದ ವಿಷಯಕ್ಕೆ ಈಗ ಒಂದು ವೃತ್ತಕ್ಕೆ ಮಸಿ ತುಂಬಿದರೆ ಸಾಕು. ಹಳೆಯ ಪ್ರಶ್ನೆಗಳು ಕಷ್ಟ, ಈಗಿನವು ಸುಲಭ ಎಂದು ಹಿರಿಯರು ಹೇಳುವುದುಂಟು. ಪತ್ರಿಕೆಗಳನ್ನು ಎದುರುಬದುರು ಇಟ್ಟು ನೋಡಿದರೆ ಈ ಮಾತು ಪೂರ್ತಿ ನಿಲ್ಲುವುದಿಲ್ಲ. ಕಷ್ಟ ಎಲ್ಲೂ ಹೋಗಿಲ್ಲ, ಜಾಗ ಬದಲಿಸಿದೆ ಅಷ್ಟೆ. ನಿಜವಾಗಿ ಕಡಿಮೆಯಾದದ್ದು ಉತ್ತರದ ಉದ್ದ. ಅದನ್ನು ಕಡಿಮೆ ಮಾಡಿದ್ದು ಭೌತಶಾಸ್ತ್ರದ ಬೆಳವಣಿಗೆಯಲ್ಲ, ಪರೀಕ್ಷೆಗೆ ಕೂರುವವರ ಸಂಖ್ಯೆ ಮತ್ತು ಉತ್ತರಪತ್ರಿಕೆ ತಿದ್ದುವ ವ್ಯವಸ್ಥೆ.

ಹಳೆಯ ಅಚ್ಚು

1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದ್ರಾಸು ವಿಶ್ವವಿದ್ಯಾಲಯಗಳು ಹುಟ್ಟಿದವು. ಅವುಗಳ ಪ್ರವೇಶಕ್ಕೆಂದು ನಡೆಯುತ್ತಿದ್ದ ಮೆಟ್ರಿಕ್ಯುಲೇಷನ್ ಪರೀಕ್ಷೆಯೇ ಬಹುಕಾಲ ಶಾಲೆಯ ಕೊನೆಯ ಪರೀಕ್ಷೆಯೂ ಆಗಿತ್ತು. ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳು ಊರೂರಿನ ಶಾಲಾಮಕ್ಕಳಿಗೆ ಸ್ಥಳೀಯ ಪರೀಕ್ಷೆಗಳನ್ನು ಆರಂಭಿಸಿದ್ದು 1858ರಲ್ಲಿ. ಎರಡೂ ಕಡೆ ಪ್ರಶ್ನೆ ತೆಗೆಯುವವರು ಕಾಲೇಜಿನ ಅಧ್ಯಾಪಕರೇ ಆದ್ದರಿಂದ ಶಾಲೆಯ ಪತ್ರಿಕೆಗೆ ಕಾಲೇಜಿನ ಧಾಟಿ ಬಂತು.

ಕನ್ನಡ ನಾಡು ಆಗ ಹರಿದು ಹಂಚಿಹೋಗಿತ್ತು. ಪರೀಕ್ಷೆಯೂ ಹಾಗೆಯೇ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ಮೈಸೂರು ಸಂಸ್ಥಾನದ ಕಾಲೇಜುಗಳು ಮದ್ರಾಸಿಗೆ ಸೇರಿದ್ದವು. ಧಾರವಾಡ, ಬೆಳಗಾವಿ ಕಡೆಯವರಿಗೆ ಬೊಂಬಾಯಿಯ ಪತ್ರಿಕೆ, ಮಂಗಳೂರು, ಬಳ್ಳಾರಿಯವರಿಗೆ ಮದ್ರಾಸಿನದು. ಕಲಬುರಗಿ, ರಾಯಚೂರು, ಬೀದರಿನವರು ನಿಜಾಮನ ಆಳ್ವಿಕೆಯಲ್ಲಿದ್ದರು. ಅಲ್ಲಿ 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆ ಉರ್ದುವಿನಲ್ಲಿತ್ತು. 1956ರ ಏಕೀಕರಣದ ನಂತರವೂ ಇಡೀ ರಾಜ್ಯಕ್ಕೆ ಒಂದು ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಬರಲು 1966ರವರೆಗೆ ಕಾಯಬೇಕಾಯಿತು.

ಪ್ರಾಂತ ಯಾವುದಾದರೂ ಪ್ರಶ್ನೆಯ ಅಚ್ಚು ಮಾತ್ರ ಒಂದೇ. ಮೊದಲು ನಿಯಮ ನಿರೂಪಿಸಿ, ಆಮೇಲೆ ಅದನ್ನು ತೋರಿಸುವ ಪ್ರಯೋಗವನ್ನು ಅಂದವಾದ ಚಿತ್ರದೊಂದಿಗೆ ವಿವರಿಸಿ, ಕೊನೆಗೆ ಒಂದು ಲೆಕ್ಕ ಮಾಡಿ. ಮೂರೂ ಸೇರಿ ಒಂದೇ ಪ್ರಶ್ನೆ. ಹತ್ತು ಪ್ರಶ್ನೆಗಳನ್ನು ಕೊಟ್ಟು ಆರಕ್ಕೆ ಉತ್ತರಿಸಿ ಎನ್ನುವುದು ರೂಢಿ. ನಡುನಡುವೆ ಯಾವ ಅಂಶಕ್ಕೆ ಎಷ್ಟು ಅಂಕ ಎಂಬ ಸುಳಿವು ಇರುತ್ತಿರಲಿಲ್ಲ. ವಿಷಯವಿಭಾಗವೂ ಹಳೆಯ ಕ್ರಮದ್ದೇ: ದ್ರವ್ಯದ ಗುಣಗಳು, ಉಷ್ಣ, ಬೆಳಕು, ಶಬ್ದ, ಕಾಂತತ್ವ ಮತ್ತು ವಿದ್ಯುತ್ತು. ಪತ್ರಿಕೆಯ ತುಂಬ ಉಪಕರಣಗಳು ಓಡಾಡುತ್ತಿದ್ದವು. ನಿಕಲ್ಸನ್ ಹೈಡ್ರೋಮೀಟರ್, ಫೋರ್ಟಿನ್ ವಾಯುಭಾರಮಾಪಕ, ಸೋನೋಮೀಟರ್, ಡೇನಿಯಲ್ ಕೋಶ, ಲೆಕ್ಲಾಂಶೆ ಕೋಶ, ಟ್ಯಾಂಜೆಂಟ್ ಗ್ಯಾಲ್ವನೋಮೀಟರ್. ಅಂದಿನ ಪರೀಕ್ಷಕನ ದೃಷ್ಟಿಯಲ್ಲಿ ಭೌತಶಾಸ್ತ್ರ ಬಲ್ಲವನೆಂದರೆ ಮುಖ್ಯವಾಗಿ ಉಪಕರಣವನ್ನು ಬಲ್ಲವನು.

ಇದನ್ನು ಹಾಡಿಹೊಗಳುವ ಮೊದಲು ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಪಾದರಸದ ಮಟ್ಟವನ್ನು ದಂತದ ಮೊನೆಗೆ ತಾಗಿಸಿ ಫೋರ್ಟಿನ್ ವಾಯುಭಾರಮಾಪಕದ ಅಳತೆ ತೆಗೆಯುವ ಕ್ರಮವನ್ನು ಆ ಉಪಕರಣದ ಮುಖ ಕಾಣದವರೂ ಅಚ್ಚುಕಟ್ಟಾಗಿ ಬರೆದು ಪಾಸಾಗುತ್ತಿದ್ದರು. ಉರು ಹೊಡೆಯುವುದು ಗೈಡುಗಳ ಕಾಲದ ಆವಿಷ್ಕಾರವಲ್ಲ.

ಒಂದು ಲೆಕ್ಕದ ಚರಿತ್ರೆ

ಪ್ರಶ್ನೆ ಹೇಗೆ ಬದಲಾಯಿತು ಎಂಬುದನ್ನು ಒಂದೇ ಲೆಕ್ಕದ ಬೆನ್ನು ಹಿಡಿದು ನೋಡಬಹುದು. ಕೆಳಗಿನದು ಯಾವುದೇ ಒಂದು ವರ್ಷದ ಪತ್ರಿಕೆಯಿಂದ ಎತ್ತಿದ್ದಲ್ಲ, ಹಳೆಯ ಅಚ್ಚಿನಲ್ಲಿ ಬರೆದ ಮಾದರಿ.

ದ್ರವನ ಗುಪ್ತೋಷ್ಣ ಎಂದರೇನು? ಮಂಜುಗಡ್ಡೆಯ ಗುಪ್ತೋಷ್ಣವನ್ನು ಮಿಶ್ರಣ ವಿಧಾನದಿಂದ ಕಂಡುಹಿಡಿಯುವ ಪ್ರಯೋಗವನ್ನು ವಿವರಿಸಿ, ವಹಿಸಬೇಕಾದ ಎಚ್ಚರಿಕೆಗಳನ್ನು ತಿಳಿಸಿ. 100 ಗ್ರಾಂ ತೂಕದ ತಾಮ್ರದ ಕ್ಯಾಲೊರಿಮೀಟರಿನಲ್ಲಿ 30 ಡಿಗ್ರಿಯ 190 ಗ್ರಾಂ ನೀರಿದೆ. ಅದಕ್ಕೆ 0 ಡಿಗ್ರಿಯ 20 ಗ್ರಾಂ ಮಂಜುಗಡ್ಡೆ ಹಾಕಿದಾಗ ಮಿಶ್ರಣದ ಉಷ್ಣತೆ 20 ಡಿಗ್ರಿ ಆಗುತ್ತದೆ. ತಾಮ್ರದ ವಿಶಿಷ್ಟೋಷ್ಣ 0.1 ಆದರೆ ಗುಪ್ತೋಷ್ಣವೆಷ್ಟು?

ಲೆಕ್ಕ ಸರಳ. 100 ಗ್ರಾಂ ತಾಮ್ರ 10 ಗ್ರಾಂ ನೀರಿಗೆ ಸಮ. ಒಟ್ಟು 200 ಗ್ರಾಂ ನೀರು 10 ಡಿಗ್ರಿ ತಣ್ಣಗಾದರೆ ಬಿಟ್ಟುಕೊಡುವುದು 2000 ಕ್ಯಾಲೊರಿ. ಕರಗಿದ 20 ಗ್ರಾಂ ನೀರು 20 ಡಿಗ್ರಿಗೆ ಏರಲು 400 ಬೇಕು. ಉಳಿದ 1600 ಕ್ಯಾಲೊರಿ 20 ಗ್ರಾಂ ಮಂಜುಗಡ್ಡೆಯನ್ನು ಕರಗಿಸಿದೆ, ಅಂದರೆ ಗ್ರಾಂಗೆ 80. ಆದರೆ ಈ ಪ್ರಶ್ನೆಯ ಸೊಗಸು ಲೆಕ್ಕದಲ್ಲಿಲ್ಲ, 30 ಮತ್ತು 20 ಎಂಬ ಅಂಕಿಗಳಲ್ಲಿದೆ. ಕೋಣೆಯ ಉಷ್ಣತೆ 25 ಡಿಗ್ರಿ ಇದ್ದರೆ ನೀರು ಮೊದಲು ಅದಕ್ಕಿಂತ 5 ಡಿಗ್ರಿ ಮೇಲೆ, ಕೊನೆಗೆ 5 ಡಿಗ್ರಿ ಕೆಳಗೆ. ಮೊದಲರ್ಧದಲ್ಲಿ ಹೊರಗೆ ಸೋರಿದ ಉಷ್ಣ, ಎರಡನೆಯ ಅರ್ಧದಲ್ಲಿ ಒಳಗೆ ಬಂದ ಉಷ್ಣಕ್ಕೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಮಂಜುಗಡ್ಡೆಯನ್ನು ಒತ್ತುಕಾಗದದಲ್ಲಿ ಒರೆಸಿ ಹಾಕಬೇಕು, ಇಲ್ಲವಾದರೆ ಮೊದಲೇ ಕರಗಿದ ನೀರೂ ಮಂಜುಗಡ್ಡೆಯ ಲೆಕ್ಕಕ್ಕೆ ಸೇರಿ ಉತ್ತರ ಇಳಿಯುತ್ತದೆ. ಎಚ್ಚರಿಕೆಗಳನ್ನು ತಿಳಿಸಿ ಎಂಬ ಎರಡು ಪದಗಳ ಹಿಂದೆ ಇಷ್ಟು ಭೌತಶಾಸ್ತ್ರವಿತ್ತು. ಪ್ರಯೋಗ ಮಾಡಿ ಗೊತ್ತಿದ್ದ ಮೇಷ್ಟರು ಇಂಥ ಅಂಕಿಗಳನ್ನೇ ಆರಿಸುತ್ತಿದ್ದರು.

ಏಕಮಾನ ಬದಲಾದಾಗ ಇದೇ ಲೆಕ್ಕ ಜೂಲ್‌ಗೆ ಬಂತು. 0.19 ಕಿಲೋಗ್ರಾಂ ನೀರು, ಅದರ ವಿಶಿಷ್ಟೋಷ್ಣ 4200, 0.1 ಕಿಲೋಗ್ರಾಂ ತಾಮ್ರ, ಅದರ ವಿಶಿಷ್ಟೋಷ್ಣ 400. ಬಿಟ್ಟುಕೊಟ್ಟ ಉಷ್ಣ 8380 ಜೂಲ್, ನೀರು ಬಿಸಿಯಾಗಲು 1680, ಉಳಿದ 6700ನ್ನು 0.02ರಿಂದ ಭಾಗಿಸಿದರೆ ಕಿಲೋಗ್ರಾಂಗೆ 3.35 ಲಕ್ಷ ಜೂಲ್. ಉತ್ತರ ಹೆಚ್ಚು ನಿಖರ. ಆದರೆ ತಾಮ್ರವನ್ನು ನೀರಿಗೆ ಸಮ ಮಾಡಿಕೊಂಡು ಬಾಯಲ್ಲೇ ಲೆಕ್ಕ ಮುಗಿಸುವ ಸುಖ ಹೋಯಿತು.

ಮುಂದಿನ ಹಂತದಲ್ಲಿ ಪ್ರಶ್ನೆಯನ್ನು ಹೋಳು ಮಾಡಲಾಯಿತು. ನೀರು ಕಳೆದುಕೊಂಡ ಉಷ್ಣವೆಷ್ಟು, 1 ಅಂಕ. ಕ್ಯಾಲೊರಿಮೀಟರ್ ಕಳೆದುಕೊಂಡದ್ದು ಎಷ್ಟು, 1 ಅಂಕ. ಹೀಗೆ. ದಾರಿಯನ್ನು ಪತ್ರಿಕೆಯೇ ತೋರಿಸುತ್ತದೆ, ವಿದ್ಯಾರ್ಥಿ ಹೆಜ್ಜೆ ಹಾಕಿದರೆ ಸಾಕು. ಮಧ್ಯಮ ವಿದ್ಯಾರ್ಥಿಗೆ ಇದು ನ್ಯಾಯ ಒದಗಿಸಿತು ಎಂಬುದನ್ನು ಒಪ್ಪಬೇಕು. ಹಳೆಯ ಪದ್ಧತಿಯಲ್ಲಿ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದವನಿಗೆ ಸೊನ್ನೆಯೇ ಗತಿ.

ಆಮೇಲೆ ಬಂದದ್ದು ಬಹು ಆಯ್ಕೆ. ಗುಪ್ತೋಷ್ಣ ಎಷ್ಟು: 75, 80, 95, 100. ಜಾಣ ಪರೀಕ್ಷಕ ತಪ್ಪು ಉತ್ತರಗಳನ್ನು ಬಾಯಿಗೆ ಬಂದಂತೆ ಹಾಕುವುದಿಲ್ಲ. ಕರಗಿದ ನೀರು ಬಿಸಿಯಾಗುವುದನ್ನು ಮರೆತವನಿಗೆ 100 ಸಿಗುತ್ತದೆ, ಕ್ಯಾಲೊರಿಮೀಟರನ್ನು ಮರೆತವನಿಗೆ 75, ಎರಡನ್ನೂ ಮರೆತವನಿಗೆ 95. ಪ್ರತಿ ತಪ್ಪು ಉತ್ತರವೂ ಒಂದು ತಪ್ಪು ತಿಳಿವಳಿಕೆಯ ಗುರುತು. ಆದರೂ ಈ ಪ್ರಶ್ನೆ ಕೆಟ್ಟದ್ದೇ. ಮಂಜುಗಡ್ಡೆಯ ಗುಪ್ತೋಷ್ಣ 80 ಎಂದು ಬಾಯಿಪಾಠವಿದ್ದವನು ಲೆಕ್ಕವನ್ನು ಓದುವ ಮೊದಲೇ ಉತ್ತರ ಗುರುತಿಸಿ ಮುಂದೆ ಹೋಗುತ್ತಾನೆ. ಹಾಗಾಗಿ ಪ್ರವೇಶ ಪರೀಕ್ಷೆಯವರು ಅದನ್ನು ತಿರುಗಿಸಿದರು. 20 ಗ್ರಾಂ ಬದಲು 100 ಗ್ರಾಂ ಮಂಜುಗಡ್ಡೆ ಹಾಕಿದರೆ ಕೊನೆಯ ಉಷ್ಣತೆ ಎಷ್ಟು? ಸೂತ್ರಕ್ಕೆ ಅಂಕಿಗಳನ್ನು ತುಂಬಿದವನಿಗೆ ಸೊನ್ನೆಗಿಂತ 6.67 ಡಿಗ್ರಿ ಕೆಳಗೆ ಎಂಬ ಉತ್ತರ ಬರುತ್ತದೆ, ಅದು ಆಯ್ಕೆಗಳಲ್ಲಿ ಕಾದು ಕುಳಿತಿರುತ್ತದೆ. ನಿಜದಲ್ಲಿ ನೀರು ಮತ್ತು ಪಾತ್ರೆ 0 ಡಿಗ್ರಿಗೆ ಇಳಿಯುವಷ್ಟರಲ್ಲಿ ಸಿಗುವ 6000 ಕ್ಯಾಲೊರಿಯಲ್ಲಿ 75 ಗ್ರಾಂ ಮಾತ್ರ ಕರಗುತ್ತದೆ, 25 ಗ್ರಾಂ ಗಡ್ಡೆಯಾಗಿಯೇ ಉಳಿಯುತ್ತದೆ, ಉಷ್ಣತೆ 0. ಇದು ಯೋಚಿಸುವವನನ್ನೂ ತುಂಬುವವನನ್ನೂ ಬೇರ್ಪಡಿಸುವ ಒಳ್ಳೆಯ ಪ್ರಶ್ನೆ. ಬಹು ಆಯ್ಕೆಯೆಂದರೆ ಬರೀ ನೆನಪಿನ ಪರೀಕ್ಷೆ ಎನ್ನುವವರು ಇಂಥವನ್ನು ನೋಡಿರುವುದಿಲ್ಲ.

ಈಚಿನ ಸಾಮರ್ಥ್ಯ ಆಧಾರಿತ ಪ್ರಶ್ನೆ ಲೆಕ್ಕವನ್ನೇ ಬಿಟ್ಟು ಸಂದರ್ಭವನ್ನು ಹಿಡಿಯುತ್ತದೆ. ಮಲ್ಪೆ ಬಂದರಿನಲ್ಲಿ ಮೀನಿನ ಪೆಟ್ಟಿಗೆಗೆ 0 ಡಿಗ್ರಿಯ ನೀರಿನ ಬದಲು ಅಷ್ಟೇ ತೂಕದ ಮಂಜುಗಡ್ಡೆಯನ್ನು ಹಾಕುವುದೇಕೆ? ಪ್ರಶ್ನೆ ಚೆನ್ನಾಗಿದೆ. ಆದರೆ ಗುಪ್ತೋಷ್ಣ ಎಂಬ ಒಂದು ಪದ ಬರೆದರೆ ಪೂರ್ತಿ ಅಂಕ ಬರುವ ಹಾಗೆ ಕೀ ಉತ್ತರ ಇದ್ದರೆ, ಮತ್ತೆ ಅದು ನೆನಪಿನ ಪ್ರಶ್ನೆಯೇ.

ಏಕಮಾನ, ಕೋಷ್ಟಕ, ಪಠ್ಯ

ಹಳೆಯ ಪತ್ರಿಕೆಗಳಲ್ಲಿ ಕಲ್ಲು ಸೆಕೆಂಡಿನ ವರ್ಗಕ್ಕೆ 32 ಅಡಿಯ ವೇಗೋತ್ಕರ್ಷದಲ್ಲಿ ಬೀಳುತ್ತಿತ್ತು, ಇಲ್ಲವೇ 981 ಸೆಂಟಿಮೀಟರಿನಲ್ಲಿ. ಪೌಂಡಲ್, ಡೈನ್, ಅರ್ಗ್ ಎಲ್ಲ ಒಟ್ಟಿಗೇ ಇದ್ದವು. ಭಾರತದಲ್ಲಿ ಮೆಟ್ರಿಕ್ ಪದ್ಧತಿಗೆ ತೂಕ ಮತ್ತು ಅಳತೆಗಳ ಕಾಯಿದೆ ಬಂದದ್ದು 1956ರಲ್ಲಿ, ಅಂತರರಾಷ್ಟ್ರೀಯ ಏಕಮಾನ ಪದ್ಧತಿ ರೂಪುಗೊಂಡದ್ದು 1960ರಲ್ಲಿ. ಪಠ್ಯಪುಸ್ತಕಗಳು ನಿಧಾನವಾಗಿ ಹಿಂಬಾಲಿಸಿದವು. ಏಕಮಾನ ಬದಲಿಸುವುದೇ ಒಂದು ಲೆಕ್ಕವಾಗಿದ್ದ ಪ್ರಶ್ನೆಗಳು ಆಗ ಬಹುಪಾಲು ಮಾಯವಾದವು.

ಇಂಗ್ಲೆಂಡಿನ ಮಕ್ಕಳ ಕೈಗೆ ಕ್ಯಾಲ್ಕುಲೇಟರ್ ಬಂದು ಎಷ್ಟೋ ದಶಕಗಳಾದವು. ನಮ್ಮ ಭೌತಶಾಸ್ತ್ರದ ಬೋರ್ಡ್ ಪರೀಕ್ಷೆಗಳಲ್ಲಿ ಅದು ಇನ್ನೂ ರೂಢಿಯಾಗಿಲ್ಲ. ಪಿಯುಸಿಯವರಿಗೆ ಕ್ಲಾರ್ಕ್ಸ್ ಟೇಬಲ್ ಎಂಬ ಲಾಗರಿದಂ ಕೋಷ್ಟಕಗಳ ಪುಸ್ತಕವೇ ಮುಖ್ಯ ಆಧಾರ. ಆದ್ದರಿಂದ ಇಲ್ಲಿನ ಪ್ರಶ್ನೆ ತೆಗೆಯುವವರು ಇಂದಿಗೂ ಅಂಕಿಗಳನ್ನು ಸರಿಯಾಗಿ ಭಾಗವಾಗುವಂತೆ ಹೊಂದಿಸುತ್ತಾರೆ. ವರ್ಗಮೂಲ ಬಂದರೆ 2ರದ್ದೋ 3ರದ್ದೋ ಆಗಿರುತ್ತದೆ.

ಪಾಠಗಳೂ ಬಂದು ಹೋಗಿವೆ. ಟ್ರಯೋಡ್ ವಾಲ್ವ್ ಹೋಗಿ ಟ್ರಾನ್ಸಿಸ್ಟರ್ ಬಂತು. ಎನ್‌ಸಿಇಆರ್‌ಟಿಯ ಈಚಿನ ಪರಿಷ್ಕರಣೆಗಳಲ್ಲಿ ಟ್ರಾನ್ಸಿಸ್ಟರೂ ತರ್ಕದ್ವಾರಗಳೂ ಹೊರಬಿದ್ದವು. 2022ರ ಪಠ್ಯಕಡಿತದಲ್ಲಿ 12ನೆಯ ತರಗತಿಯ ಪೊಟೆನ್ಷಿಯೋಮೀಟರ್, ಮೀಟರ್ ಬ್ರಿಡ್ಜ್, ಸೈಕ್ಲೋಟ್ರಾನ್‌ಗಳ ಜೊತೆಗೆ ಸಂವಹನ ವ್ಯವಸ್ಥೆಗಳ ಅಧ್ಯಾಯವೂ ಹೋಯಿತು. ಪುಸ್ತಕದಿಂದ ಹೋದ ಮೀಟರ್ ಬ್ರಿಡ್ಜ್ ಪ್ರಯೋಗಗಳ ಪಟ್ಟಿಯಲ್ಲಿ ಮಾತ್ರ ಉಳಿದುಕೊಂಡಿದೆ. ಈ ಕಡಿತದ ಬಿಸಿ ಕರ್ನಾಟಕಕ್ಕೆ ತಟ್ಟಿದ್ದು ವೃತ್ತಿಶಿಕ್ಷಣ ಪ್ರವೇಶಕ್ಕೆ ರಾಜ್ಯ ನಡೆಸುವ ಸಿಇಟಿ ಪರೀಕ್ಷೆಯಲ್ಲಿ, 2024ರಲ್ಲಿ. ಕೈಬಿಟ್ಟ ಪಾಠಗಳಿಂದ ಪ್ರಶ್ನೆಗಳು ಬಂದಿವೆ ಎಂದು ಗದ್ದಲವೆದ್ದು, ಎಲ್ಲ ವಿಷಯಗಳೂ ಸೇರಿ 50 ಪ್ರಶ್ನೆಗಳನ್ನು ಬಿಟ್ಟು ಮೌಲ್ಯಮಾಪನ ನಡೆಸಬೇಕಾಯಿತು.

ಇಂಗ್ಲೆಂಡಿನ ದಾರಿ

ನಮ್ಮ ಅಚ್ಚಿನ ಮೂಲವಾದ ಇಂಗ್ಲೆಂಡಿನಲ್ಲಿ ಬದಲಾವಣೆ ಬೇರೆ ದಾರಿ ಹಿಡಿಯಿತು. ಅಲ್ಲಿ 1951ರಲ್ಲಿ ಓ ಲೆವೆಲ್ ಮತ್ತು ಎ ಲೆವೆಲ್ ಬಂದವು. ಓ ಲೆವೆಲ್ ಬಹುಮಟ್ಟಿಗೆ ಗ್ರಾಮರ್ ಶಾಲೆಗಳ ಆಯ್ದ ಮಕ್ಕಳ ಪರೀಕ್ಷೆ. ಉಳಿದವರಿಗೆಂದು 1965ರಲ್ಲಿ ಸಿಎಸ್‌ಇ ಎಂಬ ಇನ್ನೊಂದು ಪರೀಕ್ಷೆ ಆರಂಭವಾಯಿತು. ಎರಡನ್ನೂ ಒಂದು ಮಾಡಿದ ಜಿಸಿಎಸ್‌ಇಯ ಮೊದಲ ಪರೀಕ್ಷೆ ನಡೆದದ್ದು 1988ರಲ್ಲಿ. ಇದನ್ನು ನೆನಪಿಡದೆ ಓ ಲೆವೆಲ್ ಪತ್ರಿಕೆಯನ್ನು ಜಿಸಿಎಸ್‌ಇಗೆ ಹೋಲಿಸಿ ಮಟ್ಟ ಕುಸಿದಿದೆ ಎಂದು ಕೂಗುವುದು ಅಲ್ಲಿನ ಸುದ್ದಿಪತ್ರಿಕೆಗಳ ವಾರ್ಷಿಕ ಕ್ರಮ.

ನಡುವೆ ಒಂದು ಗಂಭೀರ ಪ್ರಯತ್ನವೂ ನಡೆಯಿತು. ನಫೀಲ್ಡ್ ಫೌಂಡೇಷನ್ 1962ರಲ್ಲಿ ವಿಜ್ಞಾನ ಬೋಧನೆಯ ಯೋಜನೆ ಕೈಗೊಂಡಿತು. ಅದರ ಭೌತಶಾಸ್ತ್ರದ ಹೊಣೆ ಹೊತ್ತವರು ಎರಿಕ್ ರೋಜರ್ಸ್. ಪರೀಕ್ಷೆಯಲ್ಲಿ ಏನು ಕೇಳುತ್ತೇವೋ ಅದೇ ಪಾಠದ ನಿಜವಾದ ಗುರಿಯೆಂದು ಮಕ್ಕಳೂ ಶಿಕ್ಷಕರೂ ತಿಳಿಯುತ್ತಾರೆ ಎಂಬುದು ಅವರ ನಿಲುವು. ಆದ್ದರಿಂದ ನಫೀಲ್ಡ್ ಪತ್ರಿಕೆಗಳು ಹಿಂದೆ ಕಾಣದ ಸನ್ನಿವೇಶ ಕೊಟ್ಟು ಕಾರಣ ಕೇಳುತ್ತಿದ್ದವು. ಬರೆದದ್ದು ಪುಸ್ತಕದಂತಿದೆಯೇ ಎಂದು ನೋಡದೆ ವಾದ ಸರಿಯಿದೆಯೇ ಎಂದು ನೋಡಬೇಕಾದ ಇಂಥ ಉತ್ತರ ತಿದ್ದುವುದು ದುಬಾರಿ ಕೆಲಸ.

2008ರಲ್ಲಿ ಅಲ್ಲಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ಐದು ದಶಕಗಳ ರಸಾಯನಶಾಸ್ತ್ರದ ಪ್ರಶ್ನೆಗಳನ್ನು ಬೆರೆಸಿ ಅಂದಿನ ಮಕ್ಕಳಿಗೆ ಕೊಟ್ಟಿತು. 1960ರ ದಶಕದ ಪ್ರಶ್ನೆಗಳಿಗೆ ಬಂದ ಅಂಕ ಎಲ್ಲಕ್ಕಿಂತ ಕಡಿಮೆ. ಮಟ್ಟ ಇಳಿದಿರುವುದಕ್ಕೆ ಇದೇ ಪುರಾವೆ ಎಂದು ಹಲವರು ಬಗೆದರು. 1960ರ ದಶಕದ ಮಕ್ಕಳಿಗೆ ಇಂದಿನ ಗ್ರಾಫ್ ಓದುವ ಪ್ರಶ್ನೆಗಳನ್ನು ಕೊಟ್ಟು ನೋಡಲು ಸಾಧ್ಯವಿಲ್ಲದ ಕಾರಣ ಈ ಹೋಲಿಕೆ ಯಾವತ್ತೂ ಒಂದು ಕಾಲಿನದೇ. 2018ರಲ್ಲಿ ಮೊದಲ ಸಲ ನಡೆದ ಹೊಸ ಭೌತಶಾಸ್ತ್ರ ಜಿಸಿಎಸ್‌ಇಯಲ್ಲಿ ಕನಿಷ್ಠ ಶೇ. 30ರಷ್ಟು ಅಂಕ ಗಣಿತದ ಕೌಶಲಕ್ಕೆ ಮೀಸಲು. ಇಪ್ಪತ್ತಕ್ಕೂ ಹೆಚ್ಚು ಸೂತ್ರಗಳನ್ನು ಬಾಯಿಪಾಠ ಮಾಡಬೇಕೆಂಬ ನಿಯಮವೂ ಬಂತು. ಕೋವಿಡ್ ಬಳಿಕ, 2022ರಿಂದ, ಸೂತ್ರಗಳ ಹಾಳೆಯನ್ನು ಪತ್ರಿಕೆಯ ಜೊತೆಗೇ ಕೊಟ್ಟರು. ಸೂತ್ರ ನೆನಪಿರುವುದು ಭೌತಶಾಸ್ತ್ರದ ಭಾಗವೇ, ಅಲ್ಲವೇ ಎಂಬ ಜಗಳ ಅಲ್ಲಿ ಮುಗಿದಿಲ್ಲ. ನಮ್ಮಲ್ಲಿ ಶುರುವೇ ಆಗಿಲ್ಲ.

ಮೌಲ್ಯಮಾಪನದ ಕೋಣೆ

ಭಾರತದ ಪ್ರಶ್ನೆಪತ್ರಿಕೆಯನ್ನು ಇಂದಿನ ರೂಪಕ್ಕೆ ತಂದದ್ದು ನೀಲನಕ್ಷೆ. ಅದರ ಬೇರು 1950ರ ದಶಕದಲ್ಲಿದೆ. ಶೈಕ್ಷಣಿಕ ಗುರಿಗಳ ವರ್ಗೀಕರಣಕ್ಕೆ ಹೆಸರಾದ ಬೆಂಜಮಿನ್ ಬ್ಲೂಮ್ 1957–58ರಲ್ಲಿ ಭಾರತಕ್ಕೆ ಬಂದು ಮೌಲ್ಯಮಾಪನದ ಕಾರ್ಯಾಗಾರಗಳನ್ನು ನಡೆಸಿದರು. ಬೆನ್ನಿಗೇ ಕೇಂದ್ರ ಪರೀಕ್ಷಾ ಘಟಕ ಸ್ಥಾಪನೆಯಾಯಿತು, ಮುಂದೆ ಅದು ಎನ್‌ಸಿಇಆರ್‌ಟಿಯಲ್ಲಿ ಸೇರಿತು. ಜ್ಞಾನ, ಗ್ರಹಿಕೆ, ಅನ್ವಯ, ಕೌಶಲ ಎಂದು ನಾಲ್ಕು ಗುರಿ ಇಟ್ಟುಕೊಂಡು, ಯಾವ ಪಾಠಕ್ಕೆ ಎಷ್ಟು ಅಂಕ, ಯಾವ ಬಗೆಯ ಪ್ರಶ್ನೆ ಎಷ್ಟು ಎಂಬ ಕೋಷ್ಟಕವನ್ನು ಮೊದಲೇ ತುಂಬಿ, ಆಮೇಲೆ ಪ್ರಶ್ನೆ ಬರೆಯುವ ಪದ್ಧತಿ ಅಲ್ಲಿಂದ ಹರಡಿತು. ಕರ್ನಾಟಕದ ಎಸ್‌ಎಸ್‌ಎಲ್‌ಸಿ ಶಿಕ್ಷಕರಿಗೆ ಈ ಕೋಷ್ಟಕ ಕರತಲಾಮಲಕ.

ಒಳ್ಳೆಯ ಉದ್ದೇಶದ ಈ ಪದ್ಧತಿಗೆ ಒಂದು ಅಡ್ಡ ಪರಿಣಾಮವಿತ್ತು. ಪ್ರಶ್ನೆ ಚಿಕ್ಕದಾದಷ್ಟೂ ಕೋಷ್ಟಕ ತುಂಬುವುದು ಸುಲಭ. ಜೊತೆಗೆ ಎಸ್‌ಎಸ್‌ಎಲ್‌ಸಿಗೆ ಕೂರುವವರ ಸಂಖ್ಯೆ ವರ್ಷಕ್ಕೆ 8 ಲಕ್ಷ ದಾಟಿತು. ಇಷ್ಟು ಉತ್ತರಪತ್ರಿಕೆಗಳನ್ನು ಜಿಲ್ಲೆ ಜಿಲ್ಲೆಯ ಮೌಲ್ಯಮಾಪನ ಕೇಂದ್ರಗಳಲ್ಲಿ ಕೆಲವೇ ದಿನಗಳಲ್ಲಿ ತಿದ್ದಿ ಮುಗಿಸಬೇಕು, ಮಂಗಳೂರಿನ ಮೌಲ್ಯಮಾಪಕರೂ ಬೀದರಿನವರೂ ಒಂದೇ ಉತ್ತರಕ್ಕೆ ಒಂದೇ ಅಂಕ ಕೊಡಬೇಕು. ಹಾಗಾಗಿ ಅರ್ಧ ಅಂಕಕ್ಕೂ ಲೆಕ್ಕ ಹೇಳುವ ಕೀ ಉತ್ತರ ಬೇಕಾಯಿತು. ಮಂಡಳಿ ಕೀ ಉತ್ತರಗಳನ್ನು ವೆಬ್‌ಸೈಟಿನಲ್ಲಿ ಹಾಕತೊಡಗಿದ ಮೇಲೆ, ಪಿಯುಸಿಯವರು ಉತ್ತರಪತ್ರಿಕೆಯ ಪ್ರತಿಯನ್ನು ಶುಲ್ಕ ಕಟ್ಟಿ ತರಿಸಿಕೊಳ್ಳುವಂತಾದ ಮೇಲೆ, ಒಂದಕ್ಕಿಂತ ಹೆಚ್ಚು ಸರಿ ಉತ್ತರ ಬರಬಹುದಾದ ಪ್ರಶ್ನೆ ಕೇಳುವ ಧೈರ್ಯ ಯಾರಿಗಿದ್ದೀತು? ಪಾರದರ್ಶಕತೆ ವಿದ್ಯಾರ್ಥಿಗೆ ಲಾಭ ತಂದಿತು, ಪ್ರಶ್ನೆ ಮಾತ್ರ ಇನ್ನಷ್ಟು ಅಂಜುಬುರುಕವಾಯಿತು.

ಇಂದಿನ ದ್ವಿತೀಯ ಪಿಯುಸಿ ಭೌತಶಾಸ್ತ್ರದ 70 ಅಂಕಗಳ ಪತ್ರಿಕೆಯಲ್ಲಿ ಇದರ ಗುರುತುಗಳು ಕಾಣುತ್ತವೆ. ಮೊದಲ ಭಾಗದಲ್ಲಿ 1 ಅಂಕದ ಬಹು ಆಯ್ಕೆ, ಬಿಟ್ಟ ಸ್ಥಳ. ಆಮೇಲೆ 2 ಅಂಕ, 3 ಅಂಕ, 5 ಅಂಕ. ಮೇಲ್ಗಡೆ ಅಚ್ಚಾಗಿರುವ ಸೂಚನೆಗಳನ್ನೇ ಓದಿದರೆ ಸಾಕು: ಅಗತ್ಯವಿದ್ದಲ್ಲಿ ಚಿತ್ರ ಅಥವಾ ಮಂಡಲ ಇಲ್ಲದ ಉತ್ತರಕ್ಕೆ ಅಂಕವಿಲ್ಲ, ಹಂತಗಳನ್ನು ತೋರಿಸದೆ ನೇರ ಉತ್ತರ ಬರೆದ ಲೆಕ್ಕಕ್ಕೆ ಅಂಕವಿಲ್ಲ. ಹಳೆಯ ಅಚ್ಚಿನ ನೆನಪು ಉಳಿದಿರುವುದು 5 ಅಂಕದ ಪ್ರಶ್ನೆಗಳಲ್ಲಿ. ಅಲ್ಲಿ ಪ್ರಯೋಗದ ವಿವರಣೆಯ ಜಾಗವನ್ನು ಡೆರಿವೇಷನ್ ಆಕ್ರಮಿಸಿದೆ. ದ್ವಿಧ್ರುವದ ಅಕ್ಷದ ಮೇಲಿನ ವಿದ್ಯುತ್ ಕ್ಷೇತ್ರ, ಮಸೂರ ತಯಾರಕರ ಸೂತ್ರ, ಎರಡು ಸಮಾಂತರ ತಂತಿಗಳ ನಡುವಿನ ಬಲ ಇವು ಸರದಿಯ ಮೇಲೆ ಬರುತ್ತಿರುತ್ತವೆ. ಯಾವುದು ಕಳೆದ ವರ್ಷ ಬಂದಿದೆ, ಯಾವುದು ಈ ಸಲ ಬರಬಹುದು ಎಂದು ಉಪನ್ಯಾಸಕರು ಲೆಕ್ಕ ಹಾಕುತ್ತಾರೆ. ಎಸ್‌ಎಸ್‌ಎಲ್‌ಸಿಯಲ್ಲಿ ಇದರ ಇನ್ನೊಂದು ರೂಪ ಪಾಸಿಂಗ್ ಪ್ಯಾಕೇಜ್. ಹಿಂದುಳಿದ ವಿದ್ಯಾರ್ಥಿ ಕಿರಣಚಿತ್ರಗಳು, ಓಮ್‌ನ ನಿಯಮ, ವಿದ್ಯುತ್ ಮಂಡಲದ ಚಿತ್ರ, ಇಷ್ಟನ್ನು ಅಭ್ಯಾಸ ಮಾಡಿದರೆ ದಡ ಸೇರಬಹುದು. ಪ್ರಶ್ನೆಪತ್ರಿಕೆ ಊಹೆಗೆ ಸಿಗುವಂತಿದ್ದರೆ ಮಾತ್ರ ಇಂಥ ಪ್ಯಾಕೇಜ್ ಸಾಧ್ಯ. ಮೊದಲ ಪೀಳಿಗೆಯ ಕಲಿಯುವವರ ಮಟ್ಟಿಗೆ ಆ ಊಹೆಯೇ ದೊಡ್ಡ ಆಸರೆ ಎಂಬುದನ್ನು ಟೀಕಾಕಾರರು ಮರೆಯುತ್ತಾರೆ.

ಈ ದಾರಿಯ ತುದಿ ಕಂಡದ್ದು 2021ರಲ್ಲಿ. ಕೋವಿಡ್ ನಡುವೆ ನಡೆದ ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರನ್ನೂ ಒಂದೇ ದಿನ, ವಿಷಯಕ್ಕೆ 40ರಂತೆ 120 ಬಹು ಆಯ್ಕೆ ಪ್ರಶ್ನೆಗಳಲ್ಲಿ ಮುಗಿಸಲಾಯಿತು. ಹತ್ತನೆಯ ತರಗತಿಯ ಮಕ್ಕಳು ಕಿರಣಚಿತ್ರವನ್ನೇ ಬರೆಯದೆ ವಿಜ್ಞಾನದಲ್ಲಿ ತೇರ್ಗಡೆಯಾದ ವರ್ಷ ಅದು.

ಪ್ರವೇಶ ಪರೀಕ್ಷೆಯ ನೆರಳು

ಬೋರ್ಡಿನ ಪತ್ರಿಕೆ ಅಂಜುಬುರುಕವಾದಂತೆ ಕಷ್ಟದ ಪ್ರಶ್ನೆಗಳು ಬೇರೆ ಮನೆ ಹುಡುಕಿಕೊಂಡವು. ಐಐಟಿಗಳ ಜಂಟಿ ಪ್ರವೇಶ ಪರೀಕ್ಷೆ 1960ರ ದಶಕದ ಆರಂಭದಲ್ಲಿ ಶುರುವಾದಾಗ ವಿವರಿಸಿ ಬರೆಯುವ ಪರೀಕ್ಷೆಯೇ ಆಗಿತ್ತು. ಲೆಕ್ಕಗಳು ಎರಡು ಮೂರು ಪಾಠಗಳನ್ನು ಹೆಣೆದುಕೊಂಡು ಬರುತ್ತಿದ್ದವು. ಅವಕ್ಕೆ ತಯಾರಾಗಲು ಮಾಸ್ಕೋದ ಮಿರ್ ಪ್ರಕಾಶನ ಹೊರತಂದ, ಇರೊಡೊವ್ ಬರೆದ ಲೆಕ್ಕಗಳ ಪುಸ್ತಕವಿತ್ತು. ಸೋವಿಯತ್ ಪುಸ್ತಕಗಳನ್ನು ಕರ್ನಾಟಕಕ್ಕೆ ತಂದು ಮಾರುತ್ತಿದ್ದ ನವಕರ್ನಾಟಕದ ಮಳಿಗೆಗಳಲ್ಲಿ ಅಂಥವು ಅಗ್ಗದ ಬೆಲೆಗೆ ಸಿಗುತ್ತಿದ್ದವು. 1992ರಲ್ಲಿ ಎಚ್. ಸಿ. ವರ್ಮ ಅವರ ಭೌತಶಾಸ್ತ್ರ ಪುಸ್ತಕದ ಎರಡು ಸಂಪುಟಗಳು ಬಂದವು. ಐಐಟಿ ಪರೀಕ್ಷೆಗೆ 2000ದಲ್ಲಿ ಜರಡಿ ಹಿಡಿಯುವ ಮೊದಲ ಸುತ್ತು ಸೇರಿತು, 2006ರಲ್ಲಿ ಇಡೀ ಪರೀಕ್ಷೆ ವಸ್ತುನಿಷ್ಠವಾಯಿತು, 2013ರಲ್ಲಿ ಮೇನ್ ಮತ್ತು ಅಡ್ವಾನ್ಸ್ಡ್ ಎಂದು ಎರಡಾಯಿತು. ಕಾರಣ ಮತ್ತೆ ಅದೇ: ಲಕ್ಷಾಂತರ ಜನರ ಬರಹ ತಿದ್ದಲು ಪ್ರಾಧ್ಯಾಪಕರಿಲ್ಲ. ಆದರೂ ಅಡ್ವಾನ್ಸ್ಡ್ ಪತ್ರಿಕೆ ಒಂದಕ್ಕಿಂತ ಹೆಚ್ಚು ಸರಿ ಉತ್ತರ, ಭಾಗಶಃ ಅಂಕ, ಅಂಕಿಯನ್ನೇ ತುಂಬುವ ಪ್ರಶ್ನೆ ಎಂದು ನಾನಾ ಉಪಾಯ ಮಾಡಿ ಹಳೆಯ ಗತ್ತನ್ನು ಉಳಿಸಿಕೊಂಡಿದೆ.

ಕರ್ನಾಟಕದಲ್ಲಿ ವೃತ್ತಿಶಿಕ್ಷಣದ ಸೀಟು ಹಂಚಿಕೆಗೆ ಸಿಇಟಿ ಘಟಕ ರಚನೆಯಾದದ್ದು 1994ರಲ್ಲಿ. ವೃತ್ತಿಶಿಕ್ಷಣದ ಪ್ರವೇಶ ಕುರಿತು ಹಿಂದಿನ ವರ್ಷ ಬಂದ ಉನ್ನಿಕೃಷ್ಣನ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ಅದಕ್ಕೆ ಹಿನ್ನೆಲೆ. ಸಿಇಟಿಯ ಭೌತಶಾಸ್ತ್ರದಲ್ಲಿ 60 ಪ್ರಶ್ನೆ, 80 ನಿಮಿಷ. ಒಂದಕ್ಕೆ ಒಂದು ನಿಮಿಷ ಇಪ್ಪತ್ತು ಸೆಕೆಂಡ್. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದೂ ವೃತ್ತ ಖಾಲಿ ಬಿಡಬೇಡಿ ಎಂಬುದು ಕೋಚಿಂಗ್ ತರಗತಿಯ ಮೊದಲ ಪಾಠ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕವನ್ನೂ ಸಿಇಟಿ ಅಂಕವನ್ನೂ ಅರ್ಧರ್ಧ ಸೇರಿಸುವುದರಿಂದ ಒಂದೇ ಹುಡುಗಿ ಒಂದೇ ಪಾಠವನ್ನು ಎರಡು ಬಗೆಯಲ್ಲಿ ಓದಬೇಕು. ಮಾರ್ಚಿನಲ್ಲಿ ಐದು ಅಂಕಕ್ಕೆ ಹಂತ ಹಂತವಾಗಿ ಬರೆದದ್ದನ್ನು ಕೆಲವೇ ವಾರಗಳಲ್ಲಿ ಹಂತ ಹಾರಿಸಿ ಮಾಡಲು ಕಲಿಯಬೇಕು. ಭಾಷೆಯ ದೃಷ್ಟಿಯಿಂದ ಒಂದು ಲಾಭವಾಗಿದೆ: ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್ 2017ರಿಂದಲೂ ಜೆಇಇ ಮೇನ್ 2021ರಿಂದಲೂ ಕನ್ನಡದಲ್ಲಿ ಲಭ್ಯ.

ವಸ್ತುನಿಷ್ಠ ಪ್ರಶ್ನೆಯಲ್ಲಿ ತಕರಾರೇ ಬರುವುದಿಲ್ಲ ಎಂಬ ನಂಬಿಕೆಯನ್ನು ಕೆಡವಿದ್ದು 2024ರ ನೀಟ್. ಭೌತಶಾಸ್ತ್ರದ ಒಂದು ಪ್ರಶ್ನೆಯಲ್ಲಿ ಪರಮಾಣುಗಳ ಬಗ್ಗೆ ಎರಡು ಹೇಳಿಕೆಗಳಿದ್ದವು. ಪ್ರತಿ ಧಾತುವಿನ ಪರಮಾಣುಗಳೂ ಸ್ಥಿರ ಎಂಬುದು ಅವುಗಳಲ್ಲೊಂದು. ವಿಕಿರಣಶೀಲ ಧಾತುಗಳ ಗತಿ ಏನು? ಎನ್‌ಸಿಇಆರ್‌ಟಿಯ ಹಳೆಯ ಆವೃತ್ತಿಯ ವಾಕ್ಯವನ್ನು ನಂಬಿದವರಿಗೆ ಒಂದು ಉತ್ತರ ಸರಿ, ಹೊಸ ಆವೃತ್ತಿಯನ್ನು ಓದಿದವರಿಗೆ ಇನ್ನೊಂದು. ಪರೀಕ್ಷಾ ಸಂಸ್ಥೆ ಎರಡಕ್ಕೂ ಅಂಕ ಕೊಟ್ಟಿತ್ತು. ಪೂರ್ತಿ 720 ಅಂಕ ಪಡೆದ 67 ಮಂದಿಯಲ್ಲಿ 44 ಮಂದಿ ಅಲ್ಲಿಗೆ ತಲುಪಿದ್ದು ಇದರಿಂದ. ಸುಪ್ರೀಂ ಕೋರ್ಟ್ ದೆಹಲಿ ಐಐಟಿಯ ತಜ್ಞರ ಅಭಿಪ್ರಾಯ ಕೇಳಿತು. ಆ ಹೇಳಿಕೆ ತಪ್ಪು, ಸರಿ ಉತ್ತರ ಒಂದೇ ಎಂದು ಅವರು ತಿಳಿಸಿದ ಮೇಲೆ ಲಕ್ಷಾಂತರ ಜನರ ಅಂಕ ಬದಲಾಯಿತು. ಇದೇ ಪ್ರಶ್ನೆಯನ್ನು ಮೂರು ವಾಕ್ಯಗಳಲ್ಲಿ ಬರೆಯಲು ಹೇಳಿದ್ದರೆ ಯಾರು ವಿಕಿರಣಶೀಲತೆಯನ್ನು ಯೋಚಿಸಿದ್ದಾರೆಂದು ಯಾವ ಮೌಲ್ಯಮಾಪಕನಿಗೂ ತಿಳಿಯುತ್ತಿತ್ತು.

ಸುಧಾರಣೆಯ ಪ್ರಯೋಗಗಳು

ಮಧ್ಯಪ್ರದೇಶದಲ್ಲಿ 1972ರಲ್ಲಿ ಆರಂಭವಾದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮ ಪರೀಕ್ಷೆಯನ್ನು ಸುಧಾರಿಸಲು ನಡೆದ ಪ್ರಯತ್ನಗಳಲ್ಲಿ ಅತಿ ದಿಟ್ಟದ್ದು. ಸರ್ಕಾರಿ ಮಾಧ್ಯಮಿಕ ಶಾಲೆಗಳ ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡು ವಿಜ್ಞಾನದ ಪರೀಕ್ಷೆ ಬರೆದರು, ಜೊತೆಗೆ ಪ್ರಯೋಗದ ಪರೀಕ್ಷೆಯನ್ನೂ ಕೊಟ್ಟರು. ಉತ್ತರ ಪುಸ್ತಕದಲ್ಲಿ ಸಿಗದಂತೆ ಪ್ರಶ್ನೆ ಬರೆಯುವುದು ಶಿಕ್ಷಕರಿಗೂ ಹೊಸ ವಿದ್ಯೆ. ಮೂರು ದಶಕ ನಡೆದ ಮೇಲೆ 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಭೌತವಿಜ್ಞಾನಿ ಯಶ್‌ಪಾಲ್ ನೇತೃತ್ವದ ಸಮಿತಿ 1993ರಲ್ಲೇ ಕಂಠಪಾಠದ ಹೊರೆಯ ಬಗ್ಗೆ ವರದಿ ಕೊಟ್ಟಿತ್ತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಅದೇ ಮಾತನ್ನು ಮುಂದುವರಿಸಿತು.

ಇನ್ನೊಂದು ಪ್ರಯೋಗದ ಬಗ್ಗೆ ನಗದೆ ಬರೆಯುವುದು ಕಷ್ಟ. ಸಿಬಿಎಸ್‌ಇ 2012–13ರಿಂದ ಕೆಲವು ವರ್ಷ ಎಲ್ಲ ಮುಖ್ಯ ವಿಷಯಗಳಲ್ಲೂ ನೈತಿಕ ಮೌಲ್ಯದ ಪ್ರಶ್ನೆಗಳನ್ನು ಕಡ್ಡಾಯ ಮಾಡಿತು. ಭೌತಶಾಸ್ತ್ರದಲ್ಲಿ ಅದು ಹೀಗಿರುತ್ತಿತ್ತು: ಅಜ್ಜಿಗೆ ಎಂಆರ್‌ಐ ಮಾಡಿಸಬೇಕಿದೆ, ಮೊಮ್ಮಗ ಹಣ ಹೊಂದಿಸಿ ಕರೆದೊಯ್ಯುತ್ತಾನೆ. ಅವನಲ್ಲಿ ಕಂಡ ಎರಡು ಮೌಲ್ಯಗಳನ್ನು ಬರೆಯಿರಿ, ಕಾಂತಕ್ಷೇತ್ರದಲ್ಲಿ ಚಲಿಸುವ ಪ್ರೋಟಾನಿನ ಮೇಲಿನ ಗರಿಷ್ಠ ಬಲ ಕಂಡುಹಿಡಿಯಿರಿ. ಕಾಳಜಿ, ಜವಾಬ್ದಾರಿ ಎಂದು ಬರೆದು ದೇಶದ ಮಕ್ಕಳೆಲ್ಲ ಆ ಅಂಕ ಜೇಬಿಗೆ ಹಾಕಿಕೊಂಡರು.

ಅದರ ಜಾಗಕ್ಕೆ ಈಗ ಪ್ರತಿಪಾದನೆ–ಕಾರಣ ಮತ್ತು ಪ್ರಕರಣ ಆಧಾರಿತ ಪ್ರಶ್ನೆಗಳು ಬಂದಿವೆ. 2024–25ರ ಸಿಬಿಎಸ್‌ಇ ಭೌತಶಾಸ್ತ್ರ ಪತ್ರಿಕೆಯ 33 ಪ್ರಶ್ನೆಗಳಲ್ಲಿ 16 ಬಹು ಆಯ್ಕೆಯವು, ಎರಡು ಪ್ರಕರಣದವು. ಪ್ರಕರಣವೆಂದು ಒಂದು ಪ್ಯಾರಾ ಕೊಟ್ಟಿರುತ್ತಾರೆ. ಹಲವು ಸಲ ಆ ಪ್ಯಾರಾ ಓದದೆಯೇ ಕೆಳಗಿನ ಪ್ರಶ್ನೆಗೆ ಉತ್ತರಿಸಬಹುದು, ಅದೇ ಅದರ ದೋಷ. ಪರಿಕಲ್ಪನೆಯನ್ನು ನಿಜವಾಗಿ ಕೆಣಕುವ ಪ್ರಶ್ನೆಗೆ ಮಾದರಿ ಬೇಕೆಂದರೆ ಅಮೆರಿಕದಲ್ಲಿ 1992ರಲ್ಲಿ ಹೆಸ್ಟೆನೆಸ್ ಮತ್ತು ಸಂಗಡಿಗರು ಪ್ರಕಟಿಸಿದ ಬಲದ ಪರಿಕಲ್ಪನೆಯ ಪ್ರಶ್ನಾವಳಿಯನ್ನು ನೋಡಬೇಕು. ಅದರಲ್ಲಿ ಲೆಕ್ಕವೇ ಇಲ್ಲ. ಲಾರಿ ಕಾರಿಗೆ ಗುದ್ದಿದಾಗ ಯಾವುದರ ಮೇಲೆ ಬಲ ಹೆಚ್ಚು ಎಂಬ ಬಗೆಯ ಪ್ರಶ್ನೆಗಳು. ನ್ಯೂಟನ್ನನ ಮೂರನೆಯ ನಿಯಮವನ್ನು ತಪ್ಪಿಲ್ಲದೆ ನಿರೂಪಿಸಬಲ್ಲವರೂ ಅಲ್ಲಿ ಮುಗ್ಗರಿಸಿದರು. ಹಾರ್ವರ್ಡಿನ ಎರಿಕ್ ಮಜೂರ್ ತಮ್ಮ ವಿದ್ಯಾರ್ಥಿಗಳಿಗೆ ಇಂಥ ಪ್ರಶ್ನೆಗಳನ್ನು ಕೊಟ್ಟು ನೋಡಿದ ಮೇಲೆ ಪಾಠ ಮಾಡುವ ವಿಧಾನವನ್ನೇ ಬದಲಿಸಿದರು.

ಪ್ರಾಯೋಗಿಕ ಪರೀಕ್ಷೆ

ಉಪಕರಣವನ್ನು ಕುರಿತ ಪ್ರಶ್ನೆಗಳು ಲಿಖಿತ ಪತ್ರಿಕೆಯಿಂದ ಹಿಂದೆ ಸರಿದಾಗ ಅವನ್ನು ಪ್ರಾಕ್ಟಿಕಲ್ ಪರೀಕ್ಷೆ ನೋಡಿಕೊಳ್ಳುತ್ತದೆ ಎಂಬ ಎಣಿಕೆ ಇತ್ತು. ಪಿಯುಸಿಯಲ್ಲಿ ಅದಕ್ಕೆ 30 ಅಂಕ. ರೆಕಾರ್ಡ್ ಬುಕ್, ವೈವಾ, ಒಂದು ಪ್ರಯೋಗ. ಬಹುತೇಕ ಎಲ್ಲರಿಗೂ 30ಕ್ಕೆ 28, 29, 30 ಬರುವುದು ಗುಟ್ಟೇನಲ್ಲ. ಎಲ್ಲರಿಗೂ ಒಂದೇ ಅಂಕ ಬರುವ ಪರೀಕ್ಷೆ ಯಾರನ್ನೂ ಅಳೆಯುವುದಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಯೋಗ ಎಂಬುದು 20 ಅಂಕಗಳ ಆಂತರಿಕ ಮೌಲ್ಯಮಾಪನದೊಳಗೆ ಕರಗಿದೆ.

ಇಂಗ್ಲೆಂಡಿನವರು ಇದೇ ತೊಡಕಿಗೆ ಬೇರೆ ಮದ್ದು ಹುಡುಕಿದರು. ಶಾಲೆಯೇ ಅಂಕ ಕೊಡುತ್ತಿದ್ದ ಪ್ರಯೋಗದ ಕೆಲಸವನ್ನು ಹೊಸ ಜಿಸಿಎಸ್‌ಇಯಲ್ಲಿ ತೆಗೆದುಹಾಕಿ, ಕಡ್ಡಾಯ ಪ್ರಯೋಗಗಳ ಪಟ್ಟಿ ಕೊಟ್ಟರು. ಅವುಗಳ ಮೇಲಿನ ಪ್ರಶ್ನೆಗಳನ್ನು ಲಿಖಿತ ಪತ್ರಿಕೆಯಲ್ಲೇ ಕೇಳಿ ಕನಿಷ್ಠ ಶೇ. 15 ಅಂಕ ಅದಕ್ಕೆ ಮೀಸಲಿಟ್ಟರು. ಪಟ್ಟಿಯಲ್ಲಿ ವಿಶಿಷ್ಟೋಷ್ಣ ಕಂಡುಹಿಡಿಯುವ ಪ್ರಯೋಗವಿದೆ. ಅಳತೆ ನಿಜಬೆಲೆಗಿಂತ ಹೆಚ್ಚು ಬಂದದ್ದೇಕೆ, ಉಷ್ಣ ಸೋರದಂತೆ ಏನು ಮಾಡಬಹುದಿತ್ತು ಎಂಬಂಥ ಪ್ರಶ್ನೆಗಳಿಗೆ ಅಲ್ಲಿನ ಹದಿನಾರರ ಮಕ್ಕಳು ಈಗ ಎರಡೆರಡು ಸಾಲು ಬರೆಯುತ್ತಾರೆ.